ಬಾಯಿಗೆ ಬಾರದ ಹೆಸರು

ಮಾರ್ಚ್ 16, 2020

ಹೋದ ವಾರ ನನ್ನ ಮಗ ಎರ್ಬೋಲ್ ಅತ್ತೆಯವರ ಮಡಿಲಲ್ಲಿ ನಿಂತು ಕುಣಿಯುತ್ತಿದ್ದ. ಅವನ ಹಿಮ್ಮಡಿ ಅವರ ಬಲ ಎದೆಗೆ ತಗುಲಿತು. ಮಗುವನ್ನು ನನ್ನ ಕಡೆ ಚಾಚಿ ಗೋಡೆಗೆ ಒರಗಿಕೊಂಡರು, ಅಷ್ಟೆ. ಆದರೆ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ತೋರಿಸಿ" ಎಂದೆ.

"ನಿಂಗ್ಯಾಕೆ? ನೀನೇನು ಡಾಕ್ಟರಾ? ಕೆಮಿಸ್ಟ್ರಿ ಪಾಠ ಹೇಳೋಳು."

ನಾನು ಜಗ್ಗಲಿಲ್ಲ. ಕೊನೆಗೆ ಗುಂಡಿ ಬಿಚ್ಚಿದರು. ಏಪ್ರಿಕಾಟ್ ಬೀಜದಷ್ಟು ದೊಡ್ಡ ಗಂಟು, ಬೀಜದಷ್ಟೇ ಗಟ್ಟಿ. ಚಳಿಗಾಲ ಶುರುವಾದಾಗಿನಿಂದ ಇದೆಯಂತೆ. "ಗಂಡಸ್ರ ಕಿವಿಗೆ ಹಾಕ್ಬೇಡ" ಎಂದರು. ಹಾಕಿದೆ. ಇಲ್ಲದಿದ್ದರೆ ಗಾಡಿ ಹೊರಡಿಸುವವರು ಯಾರು?

ಇವತ್ತು ಭಾವನವರ ವ್ಯಾನಿನಲ್ಲಿ ನಾರಿನ್ ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದೆವು. ಹೊಸ ಜ್ವರದ ಭಯಕ್ಕೆ ರೋಗಿಯೊಬ್ಬರನ್ನೇ ಒಳಗೆ ಬಿಡುತ್ತಾರೆ. ಅತ್ತೆಯವರು ತಮ್ಮ ಕೈಚೀಲ ಅವಚಿಕೊಂಡು ಒಬ್ಬರೇ ಹೋದರು. ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ರಾಜಧಾನಿ ಬಿಷ್ಕೆಕ್‌ಗೆ ಕಳಿಸುತ್ತಾರಂತೆ, ಅಲ್ಲಿ ಪರೀಕ್ಷೆ. ಹೊರಗಿನ ಕಿಟಕಿಯಲ್ಲಿ ಮಾಸ್ಕ್ ಹಾಕಿದ ನರ್ಸ್, "ಸೀಸೆ ಮೇಲೆ ಬರೀಬೇಕು, ಬೇಗ ಹೆಸರು ಹೇಳಿ, ಜನ ನಿಂತಿದ್ದಾರೆ" ಎಂದಳು. ಭಾವನವರು ನನ್ನ ಬೆನ್ನ ಹಿಂದೆಯೇ ಇದ್ದರು. ಮನೆತನದ ಹೆಸರು ಅಸಾನೋವಾ ಎಂದೆ, ಅವರ ಹೆಸರನ್ನೂ ಹೇಳಿದೆ. ಕಂಕುಳಲ್ಲಿ ಎರ್ಬೋಲ್ ಕಿರುಚುತ್ತಿದ್ದ.

ವಾಪಸ್ ಬರುವಾಗ ಅತ್ತೆಯವರು ದಾರಿಯುದ್ದಕ್ಕೂ ನಾನು ಮಗುವಿಗೆ ಎರಡೇ ಅಂಗಿ ಹಾಕಿದ್ದೇನೆಂದು ಬೈದರು. ಸೂಜಿಯ ಮಾತೇ ಇಲ್ಲ.

ಮಾರ್ಚ್ 26

ರಸ್ತೆ ಮುಚ್ಚಿದರು. ಊರ ತುದಿಯಲ್ಲಿ ಸಿಮೆಂಟಿನ ಕಟ್ಟೆಗಳನ್ನಿಟ್ಟು ಸಿಪಾಯಿಗಳು ನಿಂತಿದ್ದಾರೆ. ನನ್ನ ಗಂಡ ತಾಲಾಯ್ ದೋಲೋನ್ ಘಟ್ಟದ ಮೇಲೆ ಹಿಮ ತಳ್ಳುವ ಯಂತ್ರ ಓಡಿಸುತ್ತಾ ಅಲ್ಲೇ ಉಳಿದ. ಕೆಲಸದವರು ಕೆಳಗಿಳಿಯುವಂತಿಲ್ಲ, ಊರವರು ಮೇಲೆ ಹತ್ತುವಂತಿಲ್ಲ. ಫೋನಿನಲ್ಲಿ, "ಅಮ್ಮ ಹೇಗಿದ್ದಾರೆ?" ಎಂದ. ಅತ್ತೆಯವರು ಪಕ್ಕದಲ್ಲೇ ಇದ್ದರು. "ಚೆನ್ನಾಗಿದ್ದಾರೆ, ನನ್ನನ್ನ ಬೈತಿದ್ದಾರೆ" ಎಂದೆ. "ಹಾಗಾದ್ರೆ ಚೆನ್ನಾಗೇ ಇದ್ದಾರೆ" ಎಂದು ನಕ್ಕ.

ಗಂಡ ಇಲ್ಲದ ಮನೆಯಲ್ಲಿ ನಾನು, ಮಗು, ಅತ್ತೆಯವರು. ದಿನಕ್ಕೆರಡು ಸಲ ಅರ್ಚಾ ಮರದ ಕೊಂಬೆ ಸುಟ್ಟು ಮನೆಯೆಲ್ಲ ಹೊಗೆ ಹಾಕುತ್ತಾರೆ. ಹೊಗೆಗೆ ವೈರಸ್ ಸಾಯುವುದಿಲ್ಲ ಎಂದೆ. "ಸಾಯ್ದಿದ್ರೆ ಬೇಡ, ಕೆಮ್ಮಿಕೊಂಡಾದ್ರೂ ಹೋಗ್ಲಿ" ಎಂದರು.

ಏಪ್ರಿಲ್ 9

ಭಾವನವರು ಬಿಷ್ಕೆಕ್‌ಗೆ ಫೋನ್ ಮಾಡಿದ್ದರು. ಆ ಹೆಸರಿನಲ್ಲಿ ಏನೂ ಬಂದಿಲ್ಲವಂತೆ. "ಅಸಾನೋವಾ ಬೇಕಾದಷ್ಟು ಜನ ಇದ್ದಾರೆ, ನೀವು ಹೇಳೋರು ಇಲ್ಲ" ಎಂದರಂತೆ. ಬಹುಶಃ ವಾಹನವೇ ಹೊರಟಿಲ್ಲ ಎಂದು ಭಾವನವರ ಅಂದಾಜು. ಎಲ್ಲವೂ ನಿಂತಿರುವಾಗ ಒಂದು ಸೀಸೆ ಮಾತ್ರ ಹೇಗೆ ಹೋದೀತು? ಬೇರೆ ದಿನಗಳಾಗಿದ್ದರೆ ಅವರೇ ವ್ಯಾನ್ ತೆಗೆದು ಹೋಗಿ ಪಾಸ್‌ಪೋರ್ಟ್ ತೋರಿಸಿ ಕೇಳುತ್ತಿದ್ದರು.

ಕೆಟ್ಟ ಕಾಯಿಲೆಯ ವಿಷಯ ಅತ್ತೆಯವರ ಮುಂದೆ ಎತ್ತಕೂಡದೆಂದು ಭಾವನವರು ಎಚ್ಚರಿಸಿದ್ದಾರೆ. "ಹಾಲಿನ ಗಂಟು ಇರ್ಬೇಕು ಅಂತ ಹೇಳು." ಐವತ್ತೆಂಟು ವರ್ಷದವರಿಗೆ ಹಾಲಿನ ಗಂಟು! ಹಾಗೆಯೇ ಹೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, "ಹೂಂ, ಹಾಲಿರಬೇಕು" ಎಂದು ಎರ್ಬೋಲ್‌ನನ್ನು ತೊಟ್ಟಿಲಿಗೆ ಕಟ್ಟಲು ಹೋದರು. ಕೈಕಾಲು ಕಟ್ಟಿ ಮಲಗಿಸುವುದು ನನಗೆ ಇಷ್ಟವಿಲ್ಲ. ಅವರು ಕಟ್ಟಿದರೆ ಅವನು ಮಲಗುತ್ತಾನೆ, ನಾನು ಬಿಚ್ಚಿದರೆ ಏಳುತ್ತಾನೆ. ಇದರ ಮೇಲೆ ಜಗಳ.

ಏಪ್ರಿಲ್ 22

ಇನ್ನೂ ಬಂದಿಲ್ಲವಂತೆ.

ಏಪ್ರಿಲ್ 23

ಇವತ್ತು ಅತ್ತೆಯವರು ಎಡಗೈಯಲ್ಲೇ ಹಿಟ್ಟು ನಾದುತ್ತಿದ್ದರು. ನಾನು ತಟ್ಟೆ ಕಿತ್ತುಕೊಂಡೆ. "ನಿನ್ನ ರೊಟ್ಟಿ ಹಲ್ಲು ಮುರಿಯುತ್ತೆ" ಎಂದರು. ನನ್ನ ರೊಟ್ಟಿ ನಿಜಕ್ಕೂ ಗಟ್ಟಿಯಾಯಿತು. ಚಹಾದಲ್ಲಿ ನೆನೆಸಿ ನೆನೆಸಿ ಇಬ್ಬರೂ ತಿಂದೆವು. ಬೈದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮೇ 6

ಭಾವನವರ ಮನೆಯಲ್ಲಿ ಎಲ್ಲರಿಗೂ ಜ್ವರ. ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಿ ಹೋಗಿದ್ದಾರೆ. ಅವರಿಗೆ ಮಾತಾಡಿದರೆ ಏದುಸಿರು. ಹಾಗಾಗಿ ಬಿಷ್ಕೆಕ್‌ಗೆ ನಾನೇ ಫೋನ್ ಮಾಡಬೇಕಾಯಿತು. ಇಷ್ಟು ದಿನ ಅದು ಗಂಡಸರ ಕೆಲಸವಾಗಿತ್ತು.

ಅತ್ತೆಯವರು ಒಲೆಯ ಹತ್ತಿರ ಕೆನೆ ತೆಗೆಯುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಮಾತಾಡಿದೆ. ಆ ಕಡೆಯ ಹೆಂಗಸಿನ ಗಂಟಲು ಕಟ್ಟಿತ್ತು, ದಿನವಿಡೀ ಇದೇ ಕೆಲಸವಿರಬೇಕು.

"ಹೆಸರು?"

"ಅಸಾನೋವಾ ಉಮುಶ್. ನಾರಿನ್‌ನಿಂದ."

"ಉಮುಶ್... ಉಮುಶ್... ಇದೆಯಲ್ಲಮ್ಮಾ! ಬಂದು ತಿಂಗಳ ಮೇಲಾಯ್ತು. ಇಲ್ಲಿ ಡಾಕ್ಟರು 'ಬೇಗ ಕರೆಸಿ' ಅಂತ ಕೆಂಪು ಶಾಯೀಲಿ ಬರೆದಿಟ್ಟಿದ್ದಾರೆ. ಎಲ್ಲಿ ಹೋಗಿದ್ರಿ ಇಷ್ಟ್ ದಿನ? ಯಾರೂ ಕೇಳ್ಲೇ ಇಲ್ಲ?"

"ಕೇಳಿದ್ರಲ್ಲ ಅಕ್ಕಾ, ನಮ್ಮ ಭಾವ ಎಷ್ಟೋ ಸಲ..."

"ಯಾರೋ ಒಬ್ಬರು ಬೇರೆ ಹೆಸರು ಹೇಳಿ ಜೀವ ತಿಂತಿದ್ರು, ಅವ್ರಾ?"

ಆಗಲೂ ನನಗೆ ಹೊಳೆಯಲಿಲ್ಲ. ಹಿಂದೆ ಒಲೆಯ ಹತ್ತಿರ ಸೌಟು ತಟ್ಟನೆ ನಿಂತಿತು.

ಮದುವೆಯಾಗಿ ಬಂದ ದಿನ ನನ್ನಮ್ಮ ಕಿವಿಯಲ್ಲಿ ಹೇಳಿ ಕಳಿಸಿದ್ದಳು: ಗಂಡನ ಮನೆಯ ಹಿರಿಯರ ಹೆಸರು ನಾಲಿಗೆಯ ಮೇಲೆ ಬರಕೂಡದು. ಅತ್ತೆಯವರ ಹೆಸರು ನಮ್ಮ ಭಾಷೆಯಲ್ಲಿ ಎಲ್ಲರ ಕಿವಿಯೋಲೆಗಳ ಬಿಳಿ ಲೋಹದ ಹೆಸರೇ. ತರಗತಿಯಲ್ಲಿ ಆ ಲೋಹದ ಪಾಠ ಬಂದರೆ ನಾನು 'ಆರ್ಜೆಂಟಮ್' ಎನ್ನುತ್ತೇನೆ, ಮಕ್ಕಳು ಮುಸಿಮುಸಿ ನಗುತ್ತಾರೆ. ಎದುರಿಗೆ, ಹಿರಿಯ ಹೆಂಗಸರಿಗೆಲ್ಲ ಹೇಳುವಂತೆ, 'ಅಪಾ' ಎನ್ನುತ್ತೇನೆ. ಯಾರಾದರೂ ಅವರ ಹೆಸರು ಕೇಳಿದರೆ, ನಮ್ಮ ಕಡೆ ಸೊಸೆಯರು ಮಾಡುವಂತೆ, ಮೊದಲ ಅಕ್ಷರ ನುಂಗಿ 'ಉಮುಶ್' ಎನ್ನುತ್ತೇನೆ. ನಾಲ್ಕು ವರ್ಷದ ರೂಢಿ. ಊರಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಸೀಸೆಯ ಮೇಲೆ ಬರೆಯುವವಳಿಗೆ ಅರ್ಥವಾಗಲಿಲ್ಲ. ಅದರಲ್ಲೂ ಬೆನ್ನ ಹಿಂದೆ ಭಾವನವರು.

ಅವರು ಕೇಳಿದ್ದೆಲ್ಲ ಸರಿಯಾದ ಹೆಸರಿನಲ್ಲಿ. ಅಲ್ಲಿ ಬಿದ್ದಿದ್ದು ನನ್ನ ಬಾಯಿಯ ಹೆಸರಿನಲ್ಲಿ.

ಫೋನಿಟ್ಟು ತಿರುಗಿದೆ. ಅತ್ತೆಯವರಿಗೆ ಎಲ್ಲ ಕೇಳಿಸಿತ್ತು, ಕೆಂಪು ಶಾಯಿಯೂ ಸೇರಿ. ಬೈಗುಳಕ್ಕೆ ಕಾದೆ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು!

"ಹಾಗಾದ್ರೆ ಕೆಟ್ಟ ಕಾಯಿಲೆ ಬಂದಿರೋದು ಉಮುಶ್‌ಗೆ ಅನ್ನು. ಪಾಪ, ಯಾರೋ ಏನೋ. ಅವಳಿಗೇ ಆಪರೇಷನ್ ಮಾಡ್ಲಿ, ನಾನು ಕೆನೆ ತೆಗೀತೀನಿ."

"ಅಪಾ, ನಿಮಗೆ... ಗೊತ್ತಿತ್ತಾ?"

"ಹಾಲಿನ ಗಂಟಂತೆ! ನಾನು ಕುರಿ ಸಾಕಿದೋಳು ಕಣೇ, ಕೆಚ್ಚಲಲ್ಲಿ ಯಾವ ಗಂಟು ಹಾಲು, ಯಾವುದು ಅಲ್ಲ ಅಂತ ಗೊತ್ತಾಗಲ್ವಾ? ನೀವೆಲ್ಲ ಮುಚ್ಚಿಡೋಕೆ ಅಷ್ಟು ಕಷ್ಟಪಡ್ತಿದ್ರಿ, ನಾನ್ಯಾಕೆ ಕೆಡಿಸಲಿ ಅಂತ ಸುಮ್ನಿದ್ದೆ."

ನಾನು ಅಲ್ಲೇ ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ. ತಿಂಗಳ ಮೇಲಾಯಿತು. ಒಂದೊಂದು ದಿನವೂ ಅದು ಬೆಳೆದಿದೆ, ಒಂದಕ್ಷರದ ಕಾರಣಕ್ಕೆ. ಅವರು ಬಂದು ಪಕ್ಕದಲ್ಲಿ ಕೂತು ಕೆನೆ ಬಟ್ಟಲನ್ನು ನನ್ನ ಕೈಗಿಟ್ಟರು. "ನೀನು ಅತ್ರೆ ಹಾಲು ಬತ್ತುತ್ತೆ. ಮೊದ್ಲು ತಿನ್ನು, ಆಮೇಲೆ ಅಳು."

ಮೇ 7

ಬೆಳಿಗ್ಗೆ ಚಹಾ ಬಗ್ಗಿಸುತ್ತಲೇ ಅತ್ತೆಯವರು ಅಪ್ಪಣೆ ಮಾಡಿದರು: "ಹೇಳು ನನ್ನ ಹೆಸರು."

"ಅಪಾ, ಆಗಲ್ಲ."

"ಅಲ್ಲಿ ಪೊಲೀಸ್ನೋನು ಕೇಳ್ತಾನೆ, ಡಾಕ್ಟರ್ ಕೇಳ್ತಾಳೆ. ಪ್ರತಿ ಸಲ ಅಕ್ಷರ ನುಂಗ್ತಾ ಕೂತ್ರೆ ನನ್ನನ್ನೇ ಕಳ್ಕೋತೀಯ. ಹೇಳು. ಮೊದ್ಲು 'ಕು' ಅನ್ನು."

"ಕು."

"ಮುಂದೆ?"

"ಕು..."

"ಕೋಗಿಲೆ ಥರ ಅಲ್ಲೇ ಕೂತ್ಬಿಟ್ಯಲ್ಲ! ಮುಂದಕ್ಕೆ ಹೋಗು."

ಎರ್ಬೋಲ್ ಮಾತ್ರ "ಕು, ಕು" ಎಂದು ಶುರುಮಾಡಿದ. ಇಬ್ಬರೂ ನಕ್ಕು ನಕ್ಕು ಚಹಾ ಚೆಲ್ಲಿದೆವು. ನನ್ನ ಬಾಯಿಂದ ಬರಲೇ ಇಲ್ಲ. ಮುಖದ ಮುಂದೆ ಹೇಗೆ ಹೇಳುವುದು? ಅಂಗಳಕ್ಕೆ ಹೋಗಿ ಕೊಟ್ಟಿಗೆಯ ಹಿಂದೆ ನಿಂತು ಬಿಷ್ಕೆಕ್‌ಗೆ ಫೋನ್ ಮಾಡಿ ಪಿಸುಗುಟ್ಟಿದೆ, ಅಕ್ಷರ ಬಿಡಿಸಿ. ನನ್ನ ತಪ್ಪನ್ನೆಲ್ಲ ಹೇಳಿದೆ. ನಿನ್ನೆಯ ಆ ಹೆಂಗಸು, "ನಾನೂ ಸೊಸೆಯೇ ತಂಗಿ. ತಿದ್ದಿ ಇಡ್ತೀನಿ. ಬರೋವಾಗ ಪಾಸ್‌ಪೋರ್ಟ್ ಮರೀಬೇಡಿ, ದಾರಿಪತ್ರ ಮಾಡಿಸ್ಕೊಳ್ಳಿ" ಎಂದಳು.

ಒಳಗೆ ಬಂದಾಗ ಅಪಾ ಹೇಳಿದರು: "ನಮ್ಮತ್ತೆ ತೀರಿಕೊಂಡಾಗ ಮುಲ್ಲಾ ಹೆಸರು ಕೇಳಿದ್ರು. ನಾನು ಪಕ್ಕದ ಮನೆಯವಳ ಮುಖ ನೋಡ್ದೆ. ಇಪ್ಪತ್ತು ವರ್ಷ ಒಂದೇ ಒಲೇಲಿ ಅಡಿಗೆ ಮಾಡಿದೋಳು ನಾನು, ಅವರ ಹೆಸರು ಹೇಳಿದ್ದು ಪಕ್ಕದ ಮನೆಯವಳು."

ಮೇ 20

ದಾರಿಪತ್ರಕ್ಕೆ ಇಷ್ಟು ದಿನ ಬೇಕಾಯಿತು. ಗ್ರಾಮಾಡಳಿತದವನು ಜಿಲ್ಲೆಗೆ ಹೋಗಿ ಎಂದ, ಜಿಲ್ಲೆಯವರು ಡಾಕ್ಟರ ಚೀಟಿ ತನ್ನಿ ಎಂದರು, ಡಾಕ್ಟರಿಗೆ ಜ್ವರ. ಜ್ವರದಿಂದ ಎದ್ದ ಭಾವನವರೇ ಓಡಾಡಿ ಮಾಡಿಸಿದರು, ಅವರೇ ವ್ಯಾನ್ ಓಡಿಸಿದರು. ಸೀಸೆಯ ಮೇಲಿನ ಹೆಸರಿನ ಕಥೆ ಅವರಿಗೆ ಗೊತ್ತು. ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, "ಹಿಂದೆ ಚಳಿಯಾಗ್ತಿದ್ಯಾ?" ಎಂದು ಕೇಳಿದರು, ಅಷ್ಟೆ.

ಊರ ತುದಿಯ ಸಿಪಾಯಿ ತೀರಾ ಎಳೆಯವನು. ಜ್ವರ ಅಳೆಯುವ ಯಂತ್ರವನ್ನು ಅಪಾ ಅವರ ಹಣೆಗೆ ಗುರಿಯಿಟ್ಟ. ಅವರು ಕೈ ಮೇಲೆತ್ತಿ, "ಶರಣಾದೆ ಕಣಪ್ಪಾ, ಗುಂಡು ಹೊಡೀಬೇಡ" ಎಂದರು. ಅವನು ಕಿವಿಯವರೆಗೂ ಕೆಂಪಾದ. ಎತ್ತಿದ್ದು ಎಡಗೈ ಮಾತ್ರ. ಬಲಗೈ ಏಳುವುದಿಲ್ಲವೆಂಬುದನ್ನು ಅಲ್ಲಿ ಕಂಡೆ.

ದೋಲೋನ್ ಹತ್ತುವಾಗ ಇನ್ನೂ ಹಿಮ, ಕರಗಿ ಕೆಸರು. ತಾಲಾಯ್‌ಗೆ ಫೋನಿನಲ್ಲಿ ಹೇಳಿದ್ದೆ. ರಸ್ತೆಯ ಆ ಬದಿಗೆ ಯಂತ್ರ ನಿಲ್ಲಿಸಿಕೊಂಡು ಕಾಯುತ್ತಿದ್ದ. ಗಡ್ಡ ಬಿಟ್ಟಿದ್ದಾನೆ, ಕೆನ್ನೆ ಬಿಸಿಲಿಗೆ ಸುಟ್ಟು ಕಪ್ಪಾಗಿದೆ. ಹತ್ತಿರ ಬರುವಂತಿಲ್ಲ, ಇಳಿಯುವಂತಿಲ್ಲ. ಭಾವನವರು ಕಿಟಕಿ ಇಳಿಸಿದರು. ಎರ್ಬೋಲ್‌ನನ್ನು ಎತ್ತಿ ತೋರಿಸಿದೆ. ಅಪ್ಪನ ಗುರುತು ಅವನಿಗೆ ಹತ್ತಲಿಲ್ಲ. ಯಂತ್ರದ ಹಳದಿ ಬಣ್ಣ ಕಂಡು ಕೇಕೆ ಹಾಕಿದ.

"ಅಮ್ಮಾ, ಹೆದ್ರಬೇಡ!" ಎಂದು ಕೂಗಿದ ತಾಲಾಯ್.

"ನಾನ್ಯಾಕೆ ಹೆದರ್ಲಿ? ನೀನು ಮುಖ ತೊಳ್ಕೋ, ಕಳ್ಳನ ಹಾಗೆ ಕಾಣ್ತೀಯ!" ಎಂದರು ಅಪಾ.

ಆಮೇಲೆ ಅವನು ನಮ್ಮ ಮುಂದೆ ಯಂತ್ರ ಹೊರಡಿಸಿಕೊಂಡು ಘಟ್ಟದ ನೆತ್ತಿಯವರೆಗೂ ಕೆಸರು ತಳ್ಳುತ್ತಾ ಹೋದ. ಅವನಿಗೆ ಬೇರೇನು ಮಾಡಲು ಸಾಧ್ಯವಿತ್ತು? ನಾವು ಹಿಂದೆ ಹಿಂದೆ, ಮದುವೆಯ ದಿಬ್ಬಣದಂತೆ ನಿಧಾನವಾಗಿ. ನೆತ್ತಿಯಲ್ಲಿ ಬದಿಗೆ ಸರಿದು ಟೋಪಿ ತೆಗೆದು ನಿಂತ. ಅಪಾ ತಿರುಗಿ ನೋಡಲಿಲ್ಲ. ತುಂಬಾ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು.

ಮೇ 22

ಬಿಷ್ಕೆಕ್‌ನಲ್ಲಿ ನನ್ನಕ್ಕನ ಮನೆಯಲ್ಲಿದ್ದೇವೆ. ಎರ್ಬೋಲ್‌ಗೆ ಹಲ್ಲು ಬರುತ್ತಿದೆ. ಅಪಾ ಮತ್ತು ಅವನು ಇಬ್ಬರೂ ಮಲಗಿದ್ದಾರೆ, ನಾನೊಬ್ಬಳೇ ಎಚ್ಚರ.

ಆಸ್ಪತ್ರೆಯ ಕಿಟಕಿಯಲ್ಲಿ ಪಾಸ್‌ಪೋರ್ಟ್ ನೋಡಿ, "ಇದರಲ್ಲಿ ಒಂದು ಹೆಸರು, ಹಳೇ ಚೀಟೀಲಿ ಇನ್ನೊಂದು. ಯಾರು ನೀವು?" ಎಂದು ಕೇಳಿದರು. "ಇಬ್ರೂ ನಾನೇ" ಎಂದಳು ಅಪಾ. "ಒಬ್ಬಳು ಹುಟ್ಟಿದೋಳು, ಇನ್ನೊಬ್ಬಳು ಸೊಸೆ ಹುಟ್ಟಿಸಿದೋಳು."

ಡಾಕ್ಟರು ಗಂಭೀರ ಹೆಂಗಸು, ಕಣ್ಣ ಕೆಳಗೆ ಮಾಸ್ಕಿನ ಗೆರೆ. ಪರೀಕ್ಷೆ ಮಾಡಿ, ಚಿತ್ರಗಳನ್ನು ನೋಡಿ ನನ್ನನ್ನು ಹೊರಗೆ ಕರೆಯಹೋದರು. ಅಪಾ, "ಇಲ್ಲೇ ಹೇಳಿ ತಾಯೀ, ಇವಳಿಗೆ ಹೇಳಿದ್ರೆ ಅಕ್ಷರ ನುಂಗಿ ಹೇಳ್ತಾಳೆ" ಎಂದಳು. ಡಾಕ್ಟರಿಗೆ ಆ ಮಾತು ತಿಳಿಯಲಿಲ್ಲ, ಆದರೂ ಕೂತು ಹೇಳಿದರು. ಏಪ್ರಿಲ್‌ನಲ್ಲೇ ಬಂದಿದ್ದರೆ ಗಂಟು ಮಾತ್ರ ತೆಗೆದು ಮುಗಿಸಬಹುದಿತ್ತು. ಈಗ ಎದೆಯನ್ನೇ ತೆಗೆಯಬೇಕು, ಕಂಕುಳವರೆಗೂ ಕೊರೆಯಬೇಕು. ಕೈ ಮೀರಿಲ್ಲ, ಆದರೆ ಇನ್ನು ತಡವಾಗಬಾರದು.

ಏಪ್ರಿಲ್. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಪಾ ಎದ್ದು ಸೆರಗಿನಂತಹ ತನ್ನ ತಲೆವಸ್ತ್ರದ ತುದಿ ಬಿಗಿದುಕೊಂಡು, "ಮೂವರನ್ನ ಸಾಕಿದ ಎದೆ. ಪಿಂಚಣಿ ತಗೊಳ್ಳಲಿ ಬಿಡಿ" ಎಂದಳು.

ಬಸ್ ನಿಲ್ದಾಣದ ಹತ್ತಿರ ಮಾತ್ರ ಒಮ್ಮೆ ನಿಂತಳು. "ಕುಂದುಜ್, ಮಗು ಒರಗಿಕೊಳ್ಳೋಕೆ ಒಂದು ಕಡೆ ಸಾಕಾಗುತ್ತಾ?" ಎಂದು ಕೇಳಿದಳು. ಸಾಕಾಗುತ್ತೆ ಎಂದೆ.

ಜೂನ್ 11

ನಾಳೆ ಇದ್ದ ಆಪರೇಷನ್ ಇಲ್ಲ. ಅರಿವಳಿಕೆ ಕೊಡುವವರನ್ನೆಲ್ಲ ಜ್ವರದ ವಾರ್ಡಿಗೆ ಹಾಕಿದ್ದಾರೆ. ಯಾವಾಗ ಎಂದರೆ ಯಾರಿಗೂ ತಿಳಿಯದು.

ಹೋಗಿ ಆ ಡಾಕ್ಟರ ದಾರಿ ಕಾದೆ. ಗೇಟಿನಲ್ಲಿ ಕಾವಲಿನವನು ಎರಡು ಸಲ ಓಡಿಸಿದ. ಮೂರನೆಯ ಸಲ ಎರ್ಬೋಲ್‌ಗೆ ಬೇಲಿಯ ಹತ್ತಿರವೇ ಕೂತು ಹಾಲು ಕುಡಿಸತೊಡಗಿದೆ. ಹಾಲು ಕುಡಿಸುವ ಹೆಂಗಸನ್ನು ಎಬ್ಬಿಸಲು ಅವನಿಗೆ ನಾಚಿಕೆ. ಡಾಕ್ಟರು ಹೊರಬಂದಾಗ ಅವರ ತೋಳು ಹಿಡಿದುಬಿಟ್ಟೆ. ಹಾಗೆ ಯಾರನ್ನೂ ಮುಟ್ಟಬಾರದ ಕಾಲ. ಅವರು ಬಿಡಿಸಿಕೊಳ್ಳಲಿಲ್ಲ. "ನನಗೂ ಕೋಪ ಬರ್ತಿದೆ. ಒಂದು ಟೇಬಲ್ ಖಾಲಿಯಾದ್ರೂ ಮೊದ್ಲು ನಿಮ್ಮನ್ನೇ ಕರೀತೀನಿ. ಮೂಗಿನ ಪರೀಕ್ಷೆ ಮಾಡಿಸಿ ಸಿದ್ಧ ಇಟ್ಕೊಳ್ಳಿ, ಮನೆಗೆ ಯಾರನ್ನೂ ಸೇರಿಸ್ಬೇಡಿ" ಎಂದರು.

ಮನೆಗೆ ಬಂದು ಹೇಳಿದೆ. ಅಪಾ ಎರ್ಬೋಲ್‌ನನ್ನು ತೊಟ್ಟಿಲಿಗೆ ಹಾಕುತ್ತಿದ್ದಳು. ಒಂದೇ ಕೈಯಲ್ಲಿ ಕಟ್ಟಲು ಬರುವುದಿಲ್ಲ. ನಾನು ಕಟ್ಟಿದೆ, ಅವಳು ಹೇಳಿಕೊಟ್ಟಳು.

ಜೂನ್ 28

ಫೋನ್ ಬಂತು! ನಾಳೆ ಬೆಳಿಗ್ಗೆ ಸೇರಿಸಬೇಕು. ಪರೀಕ್ಷೆಯ ಕಡ್ಡಿ ಮೂಗಿಗೆ ತೂರಿಸಿದಾಗ ಅಪಾ ಆ ನರ್ಸಿಗೆ, "ಮಗಳೇ, ಗಂಟು ಇರೋದು ಕೆಳಗೆ" ಎಂದಳಂತೆ.

ಜೂನ್ 29

ಗೇಟಿನವರೆಗೆ ಮಾತ್ರ ಬಿಟ್ಟರು. ಬಟ್ಟೆಯ ಗಂಟು ಹಿಡಿದುಕೊಂಡು ಅಪಾ ಒಳಗೆ ಹೋದಳು. ನಮ್ಮ ಕಡೆಯ ಸೊಸೆ ಅತ್ತೆಗೆ ಬಾಗಿ ನಮಸ್ಕರಿಸಬೇಕು. ನಾನು ಮರೆತು ಕುತ್ತಿಗೆಗೆ ಜೋತುಬಿದ್ದೆ.

ಜೂನ್ 30

ಆಗಿದೆ. "ಎಲ್ಲ ತೆಗೆದಿದ್ದೇವೆ" ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮುಂದೆ ಔಷಧಿಯ ಸುತ್ತುಗಳಿವೆ. ಅವರ ದನಿಯಲ್ಲೇ ಆಯಾಸವಿತ್ತು. ತಾಲಾಯ್‌ಗೆ ಹೇಳಿದೆ.

ಜುಲೈ 3

ನಗರದಲ್ಲಿ ಆಂಬುಲೆನ್ಸ್‌ಗಳು ನಿಲ್ಲುತ್ತಿಲ್ಲ. ಔಷಧಿ ಅಂಗಡಿಗಳ ಮುಂದೆ ಬೀದಿಯುದ್ದ ಸಾಲು. ಅಪಾ ಇರುವ ವಾರ್ಡನ್ನೂ ಜ್ವರದವರಿಗೆ ಬಿಟ್ಟುಕೊಡುವ ಮಾತಿದೆ ಎಂದು ಕಾವಲಿನವನು ಹೇಳಿದ. ಈಗೀಗ ಅವನೂ ನನ್ನ ಹತ್ತಿರ ಮಾತಾಡುತ್ತಾನೆ. ನಮ್ಮದು ಆಗಿಹೋಯಿತು. ನಮ್ಮ ಹಿಂದೆ ಸಾಲಿನಲ್ಲಿದ್ದವರ ಗತಿ ಏನೋ ಎಂದು ಅಲ್ಲಿ ನಿಂತಷ್ಟು ಹೊತ್ತೂ ಅನ್ನಿಸುತ್ತಿತ್ತು.

ಒಳಗೆ ಯಾರನ್ನೂ ಬಿಡುವುದಿಲ್ಲ. ಹಿಂದಿನ ಅಂಗಳದಲ್ಲಿ ನಿಂತರೆ ವಾರ್ಡಿನ ಕಿಟಕಿಗಳು ಕಾಣುತ್ತವೆ, ಅಲ್ಲಿ ನಿಂತು ಕೂಗಿ ಎಂದು ಕಾವಲಿನವನೇ ಹೇಳಿದ. ಹೋದೆ. ನನ್ನಂಥವರೇ ಎಷ್ಟೋ ಜನ, ಮಾಸ್ಕ್ ಹಾಕಿಕೊಂಡು, ತಲೆಯೆತ್ತಿಕೊಂಡು.

"ಅಪಾ!" ಎಂದು ಕೂಗಿದೆ.

ಎಲ್ಲ ಕಿಟಕಿಗಳಲ್ಲೂ ತಲೆಗಳು ಬಂದವು. ಒಳಗಿರುವವರೆಲ್ಲ ಯಾರಿಗೋ ಅಪಾನೇ ತಾನೆ! ಎಷ್ಟೊಂದು ತಲೆವಸ್ತ್ರಗಳು, ಎಷ್ಟೊಂದು ಕಣ್ಣುಗಳು, ನನ್ನ ಕಡೆ ಆಸೆಯಿಂದ ನೋಡುತ್ತಿದ್ದವು. ಅವಳಿರಲಿಲ್ಲ. ಮತ್ತೆ ಕೂಗಿದೆ. ಮತ್ತೆ ಅವರೇ ಬಗ್ಗಿದರು. ಅವರು ನನ್ನವರಲ್ಲ ಎಂದು ಅಷ್ಟು ಜನಕ್ಕೆ ಹೇಗೆ ಹೇಳುವುದು?

"ಕುಮುಶ್ ಅಪಾ!" ಎಂದೆ. "ಕುಮುಶ್! ಕಿಟಕಿಗೆ ಬಾ! ನಾನು ಬಂದಿದ್ದೀನಿ!"

ಪಕ್ಕದಲ್ಲಿದ್ದ ಬಿಳಿ ಟೋಪಿಯ ಮುದುಕ, "ಯಾರಮ್ಮ ಅವರು ನಿನಗೆ?" ಎಂದು ಕೇಳಿದ. "ಅತ್ತೆ" ಎಂದೆ. ಅವನು ಗಡ್ಡ ಹಿಡಿದುಕೊಂಡು, "ಅತ್ತೆ ಹೆಸರು ಬೀದೀಲಿ ನಿಂತು ಕೂಗ್ತಾಳಲ್ಲಪ್ಪ!" ಎಂದು ಗೊಣಗಿದ. ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ, ಮೂರನೆಯ ಮಹಡಿಯ ಮೂಲೆಯ ಕಿಟಕಿ ತೆರೆದುಕೊಳ್ಳುತ್ತಿತ್ತು.

ಬಂದಳು. ತೆಳ್ಳಗಾಗಿದ್ದಾಳೆ. ಆಸ್ಪತ್ರೆಯ ಅಂಗಿ ಒಂದು ಬದಿಗೆ ಚಪ್ಪಟೆಯಾಗಿ ಇಳಿಬಿದ್ದಿತ್ತು. ಎಡಗೈಯಲ್ಲಿ ಕಿಟಕಿ ಹಿಡಿದು ಬಗ್ಗಿ ನೋಡಿದಳು.

"ಕಿರುಚ್ಬೇಡ್ವೇ, ಇಡೀ ಊರಿಗೆ ಗೊತ್ತಾಯ್ತು! ಈ ಬಿಸಿಲಲ್ಲಿ ಮಗುಗೆ ಟೋಪಿ ಎಲ್ಲಿ?"

ಎರ್ಬೋಲ್ ದನಿ ಗುರುತು ಹಿಡಿದು ಮೈಯೆಲ್ಲ ಕುಲುಕಿಸಿದ. ಅವನನ್ನು ತಲೆಯ ಮೇಲಕ್ಕೆ ಎತ್ತಿದೆ.

ಅವಳು ಬಲಗೈ ಎತ್ತಲು ಹೋದಳು. ಸೊಂಟದವರೆಗೆ ಬಂತು. ಅಲ್ಲಿ ನಿಂತಿತು. ತುಟಿ ಕಚ್ಚಿದ್ದು ಕೆಳಗಿನಿಂದಲೂ ಕಂಡಿತು. ಗೋಡೆಗೆ ಬೆರಳೂರಿ, ಜೇಡ ಹತ್ತಿದಂತೆ ಒಂದೊಂದೇ ಬೆರಳು ಮೇಲಿಡುತ್ತಾ ಹೋದಳು. ಒಳಗೆ ಯಾರೋ ಹೇಳಿಕೊಟ್ಟಿರಬೇಕು. ಎದೆಯವರೆಗೆ. ಭುಜದವರೆಗೆ. ಆಮೇಲೆ ಗೋಡೆ ಬಿಟ್ಟು ಕೈಯನ್ನು ಹೊರಗೆ ಚಾಚಿ, ಎರ್ಬೋಲ್‌ನತ್ತ ಬೆರಳುಗಳನ್ನು ಅಲ್ಲಾಡಿಸಿದಳು.

ನಾಳೆ ಟೋಪಿ ಮರೆಯಬಾರದು.